ಚಪ್ಪಲಿ ಪದ್ಯಕ್ಕೆ ಐದು ಧಾಟಿ

ಬಾನುಲಿ ನಿಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಂಗಿ ಎಂದೇ. ಗೇಟಿನ ಕಾವಲುಗಾರನಿಗೂ ತಂಗಿ, ನಿಲಯದ ನಿರ್ದೇಶಕರಿಗೂ ತಂಗಿ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಎಳೆಯ ಹುಡುಗಿಯರಿಗೂ ತಂಗಿಯೇ. ಅದಕ್ಕೆ ಕಾರಣ ಅವಳ ಅಕ್ಕ. ನಿಲಯದ ಗಾಯನವೃಂದಕ್ಕೆ ಇಬ್ಬರೂ ಒಂದೇ ದಿನ, ಒಂದೇ ಕೊಡೆಯ ಕೆಳಗೆ ನಡೆದು ಬಂದು ಸೇರಿದ್ದರು. ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತರಿಗೆ ಇಬ್ಬರ ಮುಖವೂ ಒಂದೇ ತರಹ ಕಂಡು, "ನೀವು ಅಕ್ಕ, ನೀವು ತಂಗಿ. ನಮಗೆ ಅಷ್ಟು ಸಾಕು" ಎಂದುಬಿಟ್ಟರು. ಆ ಹೆಸರೇ ಉಳಿದುಬಿಟ್ಟಿತು.

ಅವರ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನು ಏಣಿ ಹತ್ತಿ ಅಕ್ಷರ ತಿದ್ದುವಾಗ ಏಣಿಯ ಒಂದು ಕಾಲನ್ನು ಅಕ್ಕ, ಇನ್ನೊಂದು ಕಾಲನ್ನು ತಂಗಿ ಹಿಡಿದುಕೊಂಡು ನಿಲ್ಲಬೇಕು. ಗಂಟೆಗಟ್ಟಲೆ ನಿಂತರೆ ಕೈ ಜೋಮು ಹಿಡಿಯುತ್ತಿತ್ತು. ಅದನ್ನು ಮರೆಯಲು ಇಬ್ಬರೂ ಹಾಡುತ್ತಿದ್ದರು. ಹಾಡು ಕೇಳಿಸುತ್ತಿದ್ದರೆ ಏಣಿ ಭದ್ರವಾಗಿದೆ ಎಂದು ಅಪ್ಪನ ಲೆಕ್ಕ, ಒಂದು ಕ್ಷಣ ನಿಂತರೂ ಮೇಲಿಂದ, "ಏನ್ರೇ, ನಿದ್ದೆ ಹೋದ್ರಾ? ನಾನು ಬೀಳ್ಬೇಕಾ?" ಎಂದು ಕೂಗುತ್ತಿದ್ದ. ಹಾಗಾಗಿ ಹಾಡು ಕಡಿಯುವಂತೆಯೇ ಇರಲಿಲ್ಲ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ದನಿಯನ್ನು ಎಳೆದು ಹಿಡಿಯುತ್ತಿದ್ದಳು. ಅವಳು ತೆಗೆದುಕೊಳ್ಳುವಾಗ ಇವಳು. ರಸ್ತೆಯಲ್ಲಿ ಹೋಗುವವರಿಗೆ ಕೇಳಿಸುತ್ತಿದ್ದದ್ದು ಎಲ್ಲೂ ತುಂಡಾಗದ ಒಂದೇ ದನಿ. ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ ಅದು. ಅಪ್ಪ ಬೀಳಬಾರದು ಎಂಬ ಹೆದರಿಕೆಯಿಂದ ಬಂದದ್ದು.

ನಿಲಯದಲ್ಲಿ ಗಾಯನವೃಂದವನ್ನು ನಡೆಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮೊದಲ ಸಲ ಅವರಿಬ್ಬರ ಹಾಡು ಕೇಳಿದಾಗ ಅವರು ಕಣ್ಣು ಮುಚ್ಚಿ ಕೂತು, ಮುಗಿದ ಮೇಲೆ ನಿಧಾನವಾಗಿ ಕಣ್ಣು ತೆರೆದು, "ನಿಮ್ಮಲ್ಲಿ ಯಾರಾದ್ರೂ ಉಸಿರಾಡ್ತೀರೋ ಇಲ್ವೋ?" ಎಂದು ಕೇಳಿದರಂತೆ. ಆ ದಿನವೇ ಇಬ್ಬರನ್ನೂ ಮೂರನೆಯ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರು. ಅಲ್ಲಿಂದ ಮುಂದೆ ಅವರ ಬದುಕೆಲ್ಲ ಆ ಮೂರನೆಯ ಸಾಲಿನಲ್ಲೇ.

ವೃಂದದಲ್ಲಿ ಹಾಡುವವರ ಹೆಸರು ರೇಡಿಯೋದಲ್ಲಿ ಹೇಳುವುದಿಲ್ಲ. ತನ್ನ ದನಿ ಬೇರೆಯಾಗಿ ಕೇಳಿಸದ ಹಾಗೆ ಹಾಡುವುದೇ ಅಲ್ಲಿನ ಕೆಲಸ. ತಂಗಿಗೆ ಅದರಿಂದ ಬೇಸರವೇನೂ ಇರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಪೈಪು ರಿಪೇರಿ ನೋಡಿಕೊಳ್ಳುತ್ತಿದ್ದ ಅವಳ ಗಂಡ, "ನೋಡು, ನಮ್ಮಿಬ್ರ ಕೆಲಸಾನೂ ಒಂದೇ. ಸರಿಯಾಗಿದ್ರೆ ಯಾರಿಗೂ ಗೊತ್ತಾಗಲ್ಲ, ಕೆಟ್ರೆ ಊರಿಗೆಲ್ಲ ಗೊತ್ತಾಗುತ್ತೆ" ಎಂದು ನಗುತ್ತಿದ್ದ. ಅವಳ ಅತ್ತೆ ಮಾತ್ರ ರೇಡಿಯೋಗೆ ಕಿವಿ ಹಚ್ಚಿ ಕೂತು, "ಅಗೋ, ನಮ್ಮ ಸೊಸೆ ದನಿ!" ಎಂದು ನೆರೆಹೊರೆಯವರಿಗೆ ತೋರಿಸುತ್ತಿದ್ದರು. ಸೊಸೆ ರಜೆ ಹಾಕಿ ಪಕ್ಕದಲ್ಲೇ ಬೇಳೆ ಆರಿಸುತ್ತಿದ್ದ ದಿನವೂ ತೋರಿಸುತ್ತಿದ್ದರು.

ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ ಹಿರಿಯ ಗಾಯಕಿಗೆ ಅಕ್ಕ ಇಟ್ಟ ಅಡ್ಡಹೆಸರು ಗಾಜು. ಅವರ ದನಿ ಗಾಜಿನ ಹಾಗೆ ಸ್ವಚ್ಛ. ಮಾತೂ ಗಾಜಿನ ಹಾಗೇ, ಮುಟ್ಟಿದರೆ ಕುಯ್ಯುತ್ತಿತ್ತು. ಅಕ್ಕ ತಂಗಿಯರು ಪಿಸುಗುಟ್ಟಿ ನಗುವುದು ಅವರಿಗೆ ಆಗುತ್ತಿರಲಿಲ್ಲ. "ಇದು ಸ್ಟುಡಿಯೋ, ನಿಮ್ಮಪ್ಪನ ಏಣಿ ಅಲ್ಲ" ಎಂದು ಎಲ್ಲರೆದುರು ಒಮ್ಮೆ ಅಂದದ್ದನ್ನು ಅಕ್ಕ ಎಂದೂ ಮರೆಯಲಿಲ್ಲ. ಅಂದಿನಿಂದ ಗಾಜಿಗೂ ಜೋಡಿಗೂ ಮಾತಿಲ್ಲ ಕತೆಯಿಲ್ಲ.

ಹೀಗಿರುವಾಗ ನಿಲಯಕ್ಕೆ ಚಪ್ಪಲಿ ಪದ್ಯ ಬಂತು.

ಬರೆದವರು ಊರಿಗೆಲ್ಲ ಗೊತ್ತಿದ್ದ ಕಾದಂಬರಿಕಾರರು. ಇಟ್ಟಿಗೆ ಗಾತ್ರದ ಕಾದಂಬರಿಗಳು. ಪ್ರತಿಯೊಂದರಲ್ಲೂ ಯಾರಾದರೊಬ್ಬರು ಮುಳುಗಿ ಸಾಯಲೇಬೇಕು. ಅವರ ಒಂದು ಪುಸ್ತಕ ಓದಿದರೆ ಎರಡು ದಿನ ಅಡುಗೆಗೆ ಉಪ್ಪು ಹಾಕಬೇಕಾಗಿಲ್ಲ, ಕಣ್ಣೀರೇ ಸಾಕು ಎನ್ನುತ್ತಿದ್ದಳು ಅಕ್ಕ. ಅಂಥವರು ಒಂದು ಭಾನುವಾರದ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ತಮಾಷೆಯ ಪದ್ಯ ಬರೆದರು. ಮುಂದಿನ ವಾರ ಇನ್ನೊಂದು. ಕೊಡೆಯ ಮೇಲೆ, ಗುಂಡಿಯ ಮೇಲೆ, ಸೀನಿನ ಮೇಲೆ. ಚಪ್ಪಲಿಯ ಮೇಲಿನದು ಹೀಗಿತ್ತು:

ಎಡಗಾಲ ಚಪ್ಪಲಿ ಎಲ್ಲಿಗೋ ಹೋಯಿತು,
ಬಲಗಾಲ ಚಪ್ಪಲಿ ಬಾಗಿಲ ಕಾಯಿತು;
ಕೇಳಿದೆ: "ಏನಮ್ಮ, ಜಗಳವೆ ನಿಮಗೆ?"
"ಇಲ್ಲಪ್ಪ, ಅದನಷ್ಟೆ ದಾರಿಯು ಕರೆಯಿತು."

ಮೊದಲು ಅದಕ್ಕೆ ಕೈಹಾಕಿದವರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಬ್ಯಾಂಡ್ ಮೇಷ್ಟ್ರು. ಎಡಗಾಲು, ಬಲಗಾಲು ಎಂಬ ಎರಡು ಮಾತು ಕಂಡದ್ದೇ ತಡ, ಅವರಿಗೆ ಅದು ಕವಾಯತಿನ ಹಾಡಾಗಿ ಕೇಳಿಸಿತು. ದೊಡ್ಡ ಡೋಲು, ತುತ್ತೂರಿ, ವೃಂದದವರೆಲ್ಲ ನಿಂತಲ್ಲೇ ಕಾಲು ಬಡಿಯಬೇಕು. "ಎಡಗಾಲ" ಎಂದಾಗ ಎಡಗಾಲು, "ಬಲಗಾಲ" ಎಂದಾಗ ಬಲಗಾಲು. ಅಭ್ಯಾಸದ ದಿನ ತಂಗಿ ಗಡಿಬಿಡಿಯಲ್ಲಿ ಎಡಕ್ಕೆ ಬಲಗಾಲು ಬಡಿದಳು. ಅದನ್ನು ನೋಡಿದ ಅಕ್ಕನಿಗೆ ನಗು ತಡೆಯಲಾಗದೆ ಗೊರಕೆಯಂಥ ಸದ್ದು ಬಂತು. ಆ ಸದ್ದಿಗೆ ತಂಗಿ ಬಿದ್ದೂ ಬಿದ್ದೂ ನಕ್ಕಳು. ಇಬ್ಬರನ್ನೂ ಹೊರಗೆ ಕಳಿಸಿ ನೀರು ಕುಡಿಸಿ ಕರೆತಂದರು. ಬಂದು ಕಾಲು ಎತ್ತಿದ್ದೇ ಮತ್ತೆ ಅದೇ ಪಾಡು. ಕೊನೆಗೆ ಇಬ್ಬರ ನಡುವೆ ಒಬ್ಬ ದಪ್ಪ ದನಿಯ ಗಂಡಸನ್ನು ನಿಲ್ಲಿಸಿ ಧ್ವನಿಮುದ್ರಣ ಮುಗಿಸಬೇಕಾಯಿತು.

ಆ ಹಾಡು ರೇಡಿಯೋದಲ್ಲಿ ಬಂದದ್ದೇ ಬಂದದ್ದು, ಬೀದಿಬೀದಿಯಲ್ಲಿ ಮಕ್ಕಳ ಬಾಯಿಗೆ ಬಿತ್ತು. ಉಳಿದ ಸಂಗೀತಗಾರರಿಗೆ ಹೊಟ್ಟೆಯಲ್ಲಿ ಖಾರ ಕಲಸಿದ ಹಾಗಾಯಿತು. ಸಿನಿಮಾಕ್ಕೆ ಸಂಗೀತ ಕೊಡುತ್ತಿದ್ದ, ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಳ್ಳುತ್ತಿದ್ದವರೊಬ್ಬರು, "ಇಂಥಾ ನಾಜೂಕು ಪದ್ಯಾನ ಬೂಟುಗಾಲಲ್ಲಿ ತುಳಿದಿದಾರೆ" ಎಂದು ಮರುಗಿ ತಾವೊಂದು ಧಾಟಿ ಮಾಡಿದರು. ಅವರ ಕೈಯಲ್ಲಿ "ಏನಮ್ಮ" ಎಂಬುದು ಹುಡುಗಿಯನ್ನು ಚುಡಾಯಿಸುವ ಮಾತಾಯಿತು. ಕುಣಿಯದೆ ಹಾಡಲು ಆಗುತ್ತಿರಲಿಲ್ಲ. ಶಾಲೆಯ ಸಂಗೀತದ ಟೀಚರು ಅದನ್ನು ಮಕ್ಕಳಿಗೆ ಬೆನ್ನಟ್ಟುವ ಹಾಡು ಮಾಡಿಕೊಟ್ಟರು: ಒಂದು ಗುಂಪು ಮೊದಲ ಸಾಲು ಮುಗಿಸುವಷ್ಟರಲ್ಲಿ ಇನ್ನೊಂದು ಗುಂಪು ಶುರುಮಾಡಬೇಕು, ಅದರ ಹಿಂದೆ ಮತ್ತೊಂದು. ಕೇಳಿದರೆ ಬಾಗಿಲಿನಿಂದ ಚಪ್ಪಲಿಗಳ ಸಂತೆಯೇ ಹೊರಟುಹೋದಂತೆ ಭಾಸವಾಗುತ್ತಿತ್ತು. ನಾಲ್ಕನೆಯವರು ಹಳೆಯ ಕಾಲದ ವಿದ್ವಾಂಸರು, ಬಿಳಿ ಹುಬ್ಬು, ಸಿಡುಕು ಮೂಗು. ಅವರು "ಎಲ್ಲಿಗೋ" ಎಂಬ ಒಂದೇ ಮಾತನ್ನು ಹಿಡಿದು ಎಳೆದರು, ತಿರುವಿದರು, ಮೇಲಕ್ಕೆ ಒಯ್ದರು, ಇಳಿಸಿದರು. ಅಷ್ಟರಲ್ಲಿ ಕಿಟಕಿಯ ಮೇಲಿಟ್ಟಿದ್ದ ಚಹಾ ತಣ್ಣಗಾಯಿತು. "ಚಪ್ಪಲಿ ಈಗ ಪಕ್ಕದ ದೇಶದಲ್ಲಿದೆ" ಎಂದು ಅಕ್ಕ ಕಿವಿಯಲ್ಲಿ ಉಸುರಿದಳು.

ಆ ದಿನಗಳಲ್ಲೇ ತಂಗಿಗೆ ಮೊದಲ ಸಲ ಒಂದು ಬೆರಗು ಹಿಡಿದದ್ದು. ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಕನನ್ನು ಕೇಳಿದಳು: "ಅಲ್ವೇ ಅಕ್ಕ, ಒಂದಕ್ಷರ ಕೂಡ ಯಾರೂ ಬದಲಾಯಿಸಿಲ್ಲ. ಆದ್ರೂ ಒಂದ್ಸಲ ಕವಾಯತು, ಒಂದ್ಸಲ ಕುಣಿತ, ಒಂದ್ಸಲ ಮಕ್ಕಳಾಟ. ಇದೆಲ್ಲ ಆ ನಾಲ್ಕು ಸಾಲಿನೊಳಗೆ ಮೊದಲೇ ಇತ್ತಾ?"

"ಇದ್ದಿರ್ಬೇಕು" ಎಂದಳು ಅಕ್ಕ. "ಇಲ್ದೇ ಇರೋದನ್ನ ಯಾರು ತಾನೇ ಹೊರಗೆ ತೆಗೀತಾರೆ? ಸರಿ, ಚಿಲ್ಲರೆ ತೆಗಿ, ಕಂಡಕ್ಟ್ರು ಬಂದ್ರು."

ಕಾದಂಬರಿಕಾರರು ಒಮ್ಮೆ ಅಭ್ಯಾಸ ನೋಡಲು ಬಂದರು. ಎತ್ತರದ ಮನುಷ್ಯ, ಮೊಣಕೈ ಸವೆದ ಕೋಟು. ಹಾಡು ನಡೆಯುವಷ್ಟು ಹೊತ್ತೂ ಹಾಡುವವರ ಬಾಯಿಯನ್ನೇ ನೋಡುತ್ತಿದ್ದರು, ಕಿವುಡರು ನೋಡುವ ಹಾಗೆ. ವಿರಾಮದಲ್ಲಿ ಸಂಕೋಚಪಡುತ್ತ ಹೇಳಿದರು: "ನಿಮಗೆಲ್ಲ ಹೇಳೋಕೆ ನಾಚಿಕೆ ಆಗುತ್ತೆ. ನನಗೆ ರಾಗ ಗೊತ್ತಾಗಲ್ಲ. ಹುಟ್ಟಿದಾಗಿಂದ ಹಾಗೇ. ಎಲ್ಲ ಹಾಡೂ ಮಳೆ ಬಿದ್ದ ಹಾಗೆ ಕೇಳಿಸುತ್ತೆ. ಒಂದೊಂದ್ಸಲ ಜೋರು ಮಳೆ, ಒಂದೊಂದ್ಸಲ ತುಂತುರು."

ಅಕ್ಕನ ಬಾಯಿ ಸುಮ್ಮನಿರಬೇಕಲ್ಲ: "ಅದಿರ್ಲಿ ಸಾರ್, ಆ ಚಪ್ಪಲಿ ಎಲ್ಲಿಗೆ ಹೋಯ್ತು?"

"ನಾಯಿ ಎತ್ಕೊಂಡು ಹೋಯ್ತಮ್ಮ" ಎಂದರು ಅವರು. "ಹೊಸದು. ಸಿಟ್ಟು ತಡೆಯೋಕಾಗ್ಲಿಲ್ಲ. ಕಾದಂಬರಿ ಬರೆಯೋಕೆ ಕೂತ್ರೆ ಯಾರನ್ನಾದ್ರೂ ಕೊಂದುಬಿಡ್ತೀನಿ ಅನ್ನಿಸ್ತು. ಅದಕ್ಕೆ ಪದ್ಯ ಬರೆದೆ."

ಮೂರನೆಯ ಸಾಲು ಮತ್ತೆ ನಗೆಯಲ್ಲಿ ಮುಳುಗಿತು. ಅಂದು ಗಾಜೂ ನಕ್ಕರೆಂದು ತಂಗಿಗೆ ನೆನಪು. ಅಕ್ಕ ಮಾತ್ರ ಒಪ್ಪುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಜ್ವರ ಎಂದು ಮಲಗಿದಳು. ಮಾತ್ರೆ ತೆಗೆದುಕೊಂಡರೆ ಇಳಿಯುತ್ತದೆ ಎಂದುಕೊಂಡದ್ದು ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ನಂಜು ಏರಿದೆ ಎಂದರು ಡಾಕ್ಟರು. ತಂಗಿ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತೇ ಇದ್ದಳು. ಅಕ್ಕನ ಉಸಿರು ಏರಿ ಇಳಿಯುವುದನ್ನು ನೋಡುತ್ತ ತನಗೆ ಗೊತ್ತಿಲ್ಲದೆಯೇ, ಅವಳು ಬಿಟ್ಟಲ್ಲಿ ತಾನು ಎಳೆದುಕೊಳ್ಳುತ್ತ, ತಾನು ಬಿಟ್ಟಲ್ಲಿ ಅವಳು ಎಳೆದುಕೊಳ್ಳುವುದನ್ನು ಕಾಯುತ್ತ ಇದ್ದಳು. ಒಂದು ಬೆಳಿಗ್ಗೆ ಕಾದಳು. ಆ ಕಡೆಯಿಂದ ಬರಲಿಲ್ಲ.

ತಿಂಗಳು ಕಳೆದ ಮೇಲೆ ತಂಗಿ ಕೆಲಸಕ್ಕೆ ಹೋದಳು. ಮೂರನೆಯ ಸಾಲಿನಲ್ಲಿ ಅವಳ ಪಕ್ಕ ಹೊಸ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು. ಎಲ್ಲರೂ ಬಂದು ಕೈ ಹಿಡಿದು ಎರಡು ಮಾತಾಡಿದರು, ಗಾಜೊಬ್ಬರನ್ನು ಬಿಟ್ಟು. ಅವರು ದೂರದಿಂದ ನೋಡಿ ಮುಖ ತಿರುಗಿಸಿಕೊಂಡರು. ಹಾಡು ಶುರುವಾಯಿತು. ತಂಗಿಯ ದನಿ ನೆಟ್ಟಗಿತ್ತು, ಶ್ರುತಿಯೂ ಇತ್ತು. ಆದರೆ ಉದ್ದನೆಯ ಸಾಲು ಬಂದಾಗ ನಡುವೆಯೇ ಉಸಿರು ಮುಗಿದು ದನಿ ಕತ್ತರಿಸಿದ ದಾರದಂತೆ ತುಂಡಾಯಿತು. ಬಾಲ್ಯದಿಂದಲೂ ಅವಳು ಉದ್ದನೆಯ ಸಾಲನ್ನು ಒಬ್ಬಳೇ ಹಾಡಿದವಳೇ ಅಲ್ಲ. ಎಲ್ಲಿ ಬಿಡಬೇಕು ಎಂದು ಅವಳಿಗೆ ಗೊತ್ತಿತ್ತು, ಬಿಟ್ಟ ಮೇಲೆ ಏನು ಮಾಡಬೇಕು ಎಂದು ಗೊತ್ತಿರಲಿಲ್ಲ. ದಿನ ಕಳೆದರೂ ಸರಿಹೋಗಲಿಲ್ಲ. ಮೇಷ್ಟ್ರು ಒಂದು ದಿನ ಮೆಲ್ಲಗೆ, "ಧ್ವನಿಮುದ್ರಿಕೆಗಳ ಉಗ್ರಾಣದಲ್ಲಿ ಒಂದು ಜಾಗ ಖಾಲಿ ಇದೆ ತಂಗಿ. ಕೂತು ಮಾಡೋ ಕೆಲಸ. ಯೋಚನೆ ಮಾಡು" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ತಂಗಿ ಆಗಲಿ ಎಂದು ತಲೆಯಾಡಿಸಿದಳು.

ಅಷ್ಟರಲ್ಲಿ ಕಾದಂಬರಿಕಾರರಿಗೆ ಎಪ್ಪತ್ತು ತುಂಬಿತು. ಪುರಭವನದಲ್ಲಿ ಒಂದು ಭಾನುವಾರದ ಮಧ್ಯಾಹ್ನ ಚಪ್ಪಲಿ ಪದ್ಯದ ಎಲ್ಲ ಧಾಟಿಗಳನ್ನೂ ಒಟ್ಟಿಗೆ ಹಾಡಿಸುವುದೆಂದು ನಿಲಯದವರು ತೀರ್ಮಾನಿಸಿದರು. ಹೊಸದೊಂದು ಇರಲಿ ಎಂದು ಐದನೆಯ ಧಾಟಿಯನ್ನು ಆಗಷ್ಟೇ ಓದು ಮುಗಿಸಿದ್ದ ಒಬ್ಬ ಹುಡುಗಿಗೆ ವಹಿಸಿದರು. ಕಡ್ಡಿಯಂಥ ಮೈ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಹೆಸರೂ ಪೆನ್ಸಿಲ್ಲು ಎಂದೇ ಆಯಿತು. ಯಾರಾದರೂ ಮಾತಾಡಿಸಿದರೆ ಬೆವರುತ್ತಿದ್ದಳು. ಅವಳು ಬರೆದು ತಂದದ್ದರಲ್ಲಿ ವಾದ್ಯ ಎಂದರೆ ಒಂದೇ ಒಂದು ಪಿಟೀಲು, ಹಾಡುವವರು ಇಬ್ಬರೇ. ಇಬ್ಬರೂ ಒಂದೇ ಸ್ವರದಲ್ಲಿ, ಒಂದೇ ದನಿಯೋ ಎಂಬಂತೆ ಮೊದಲ ಸಾಲು ಹಾಡಬೇಕು. "ಹೋಯಿತು" ಎನ್ನುವಲ್ಲಿ ಒಬ್ಬರು ನಿಲ್ಲಿಸಬೇಕು. ಉಳಿದ ಮೂರು ಸಾಲೂ ಇನ್ನೊಬ್ಬರದೇ. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ.

ಮೇಷ್ಟ್ರು ಹಾಳೆ ನೋಡಿ ಪೆನ್ಸಿಲ್ಲನ್ನು ಮೂಲೆಗೆ ಕರೆದು ಅಕ್ಕನ ವಿಷಯ ಹೇಳಿದರು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು.

"ನನಗೆ ಗೊತ್ತಿರ್ಲಿಲ್ಲ ಸಾರ್, ಆಣೆಗೂ ಗೊತ್ತಿರ್ಲಿಲ್ಲ. ನಾನೇನೂ ಸೇರಿಸಿಲ್ಲ, ಪದ್ಯದಲ್ಲೇ ಹಾಗಿದೆ. ಬೇಕಾದ್ರೆ ಬೇರೆ ಬರ್ಕೊಡ್ತೀನಿ."

ತಂಗಿ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ಮುಂದೆ ಬಂದು ಹಾಳೆ ತೆಗೆದುಕೊಂಡು, ತುಟಿ ಆಡಿಸುತ್ತ ಕೊನೆಯ ಸಾಲಿನವರೆಗೂ ಓದಿದಳು. ಇದೇ ಪದ್ಯಕ್ಕೆ ಕಾಲು ಬಡಿಯುತ್ತ ಅವಳು ನಕ್ಕಿದ್ದಳು. ಅದೇ ಎಡಗಾಲು, ಅದೇ ಬಲಗಾಲು. ಅವು ಇಷ್ಟು ದಿನ ತನಗಾಗಿ ಸದ್ದಿಲ್ಲದೆ ಕಾದು ಕೂತಿದ್ದವೇ ಎಂದು ಅವಳ ಮೈ ಜುಮ್ಮೆಂದಿತು.

"ಬದಲಾಯಿಸ್ಬೇಡಮ್ಮ" ಎಂದಳು. "ಉಳಿಯೋರ ಪಾಲು ನಾನು ಹಾಡ್ತೀನಿ."

"ಉಸಿರು ಸಾಲುತ್ತಾ?" ಎಂದರು ಮೇಷ್ಟ್ರು.

"ಗೊತ್ತಿಲ್ಲ ಸಾರ್."

"ಹೋಗೋರ ಪಾಲು ಯಾರು ಹಾಡೋದು?"

"ನಾನು" ಎಂದಿತು ಒಂದು ದನಿ ಮೊದಲ ಸಾಲಿನಿಂದ. ಗಾಜು. ಎಲ್ಲರೂ ತಿರುಗಿ ನೋಡಿದರು. ಏಕಾಂಗಿಯಾಗಿ ಹಾಡುವ ಪಾಲಲ್ಲದೆ ಬೇರೇನನ್ನೂ ಕಣ್ಣೆತ್ತಿ ನೋಡದವರು ಒಂದೇ ಸಾಲು ಹಾಡಿ ಸುಮ್ಮನಾಗುವ ಪಾಲನ್ನು ಕೇಳಿ ಪಡೆದುಕೊಂಡರು.

ಇಬ್ಬರೂ ಚಿಕ್ಕ ಸ್ಟುಡಿಯೋದಲ್ಲಿ ಎದುರುಬದುರು ಕೂತು ಅಭ್ಯಾಸ ಮಾಡಿದರು. ಗೋಡೆಗೆಲ್ಲ ದಪ್ಪ ಬಟ್ಟೆ, ಒಂದು ಸೂಜಿ ಬಿದ್ದರೂ ಕೇಳಿಸುವ ಕೋಣೆ. ಗಾಜು ಮೊದಮೊದಲು ಹಾಳೆಯಲ್ಲಿ ಬರೆದಲ್ಲೇ ನಿಲ್ಲಿಸುತ್ತಿದ್ದರು. ನಿಂತ ಕೂಡಲೇ ತಂಗಿಯ ದನಿ ಬೆಚ್ಚಿ ತುಂಡಾಗುತ್ತಿತ್ತು. ಮತ್ತೆ ಮತ್ತೆ ಹಾಗೇ ಆಯಿತು. ತಂಗಿ ಸೋತು ಕೈಚೆಲ್ಲಿದಳು. ಆಗ ಗಾಜು ಎದ್ದು ಬಂದು ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತರು.

"ಅವಳು ಯಾವ ಕಡೆ ನಿಲ್ತಿದ್ಲು?"

"ಎಡಕ್ಕೆ."

ಗಾಜು ಎಡಕ್ಕೆ ಬಂದರು. "ನನಗೆ ದುಃಖ ಹೇಳ್ಕೊಳ್ಳೋಕೆ ಬರಲ್ಲ ತಂಗಿ. ಬಾಯಿ ಬಿಟ್ರೆ ಏನೋ ಕೆಟ್ಟದ್ದೇ ಬರುತ್ತೆ. ಅದಕ್ಕೆ ಬರ್ಲಿಲ್ಲ ನಿನ್ನ ಹತ್ರ. ಈಗ ಹಾಡು. ನಾನು ಎಲ್ಲಿ ನಿಲ್ಲಿಸ್ತೀನಿ ಅಂತ ಕಾಯ್ಬೇಡ. ನನಗೇ ಗೊತ್ತಾಗದ ಹಾಗೆ ನಿಲ್ಲಿಸ್ತೀನಿ."

ಹಾಡಿದರು. "ಹೋಯಿತು" ಬಂತು. ತಂಗಿ ಕಾಯಲಿಲ್ಲ. ಎಡಗಡೆಯ ದನಿ ತೆಳ್ಳಗಾಗುತ್ತ ಹೋಯಿತು. ಎಷ್ಟು ತೆಳ್ಳಗೆಂದರೆ, ಅದು ಇದೆಯೋ, ತನ್ನ ದನಿಯೇ ಹಾಗೆ ಕೇಳಿಸುತ್ತಿದೆಯೋ ತಿಳಿಯದಾಯಿತು. ಅವಳು ಎರಡನೆಯ ಸಾಲು ದಾಟಿ ಮೂರನೆಯದಕ್ಕೆ ಬಂದಿದ್ದಳು. ಪಕ್ಕಕ್ಕೆ ತಿರುಗಿ ನೋಡಿದರೆ ಗಾಜಿನ ಬಾಯಿ ಮುಚ್ಚಿತ್ತು. ಯಾವಾಗ ಮುಚ್ಚಿತೋ ದೇವರೇ ಬಲ್ಲ. ತಂಗಿಗೆ ಮಾತ್ರ ಆ ದನಿ ಇನ್ನೂ ಕೇಳಿಸುತ್ತಿತ್ತು, ಅವಳ ಗಂಟಲಿನೊಳಗಿಂದಲೇ. ಉಸಿರು ಕೊನೆಯ ಅಕ್ಷರದವರೆಗೂ ಬಂತು.

ಆ ಭಾನುವಾರದ ಮಧ್ಯಾಹ್ನ ಪುರಭವನ ತುಂಬಿ ತುಳುಕುತ್ತಿತ್ತು. ಕವಾಯತಿನ ಧಾಟಿಗೆ ಜನ ಕುರ್ಚಿಯಲ್ಲಿ ಕೂತೇ ಕಾಲು ಬಡಿದರು. ಸಿನಿಮಾದವರ ಧಾಟಿಗೆ ಸಿಳ್ಳೆ ಹೊಡೆದರು. ಶಾಲೆಯ ಮಕ್ಕಳು ಒಬ್ಬರ ಹಿಂದೊಬ್ಬರು ಸಾಲು ತಪ್ಪಿ ಅಡ್ಡಾದಿಡ್ಡಿ ಓಡಿದ್ದು ಇನ್ನೂ ಹೆಚ್ಚು ಚಪ್ಪಾಳೆ ತಂದಿತು. ವಿದ್ವಾಂಸರ "ಎಲ್ಲಿಗೋ" ನಡೆಯುವಾಗ ಯಾರೋ ಜೋರಾಗಿ ಆಕಳಿಸಿ, ಅದಕ್ಕೂ ಸಭೆ ನಕ್ಕಿತು. ಆಮೇಲೆ ಇಬ್ಬರು ಹೆಂಗಸರು ಮುಂದೆ ಬಂದು ನಿಂತರು.

ಮೊದಲ ಮಾತಿಗೇ ಸಭೆ ನಕ್ಕಿತು. ಚಪ್ಪಲಿ ಎಂದರೆ ನಗಬೇಕೆಂದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಹಾಡು "ಹೋಯಿತು" ಎನ್ನುವುದನ್ನು ತಲುಪಿದಾಗ ನಗು ಅಲ್ಲೊಂದು ಇಲ್ಲೊಂದು ಉಳಿದಿತ್ತು. ಆಮೇಲೆ ಅದೂ ಇಲ್ಲ. ತಂಗಿ ಒಬ್ಬಳೇ ಕೇಳಿದಳು: ಏನಮ್ಮ, ಜಗಳವೆ ನಿಮಗೆ? ಒಬ್ಬಳೇ ಉತ್ತರ ಕೊಟ್ಟಳು. ಪೆನ್ಸಿಲ್ಲು ಕೊನೆಯ ಮಾತನ್ನು ಕೆಳಗೆ ಇಳಿಸಿರಲಿಲ್ಲ. ಅದು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಬ್ಯಾಂಡ್ ಮೇಷ್ಟ್ರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಚಪ್ಪಾಳೆ ಹೊಡೆಯಬೇಕೆಂದು ಸಭೆಗೆ ನೆನಪಾಗಲು ಬಹಳ ಹೊತ್ತು ಹಿಡಿಯಿತು. ತಂಗಿ ನಿಂತೇ ಇದ್ದಳು. ತಾನು ಹಾಡಿದ್ದು ನಾಲ್ಕೇ ಸಾಲು ಎಂಬುದನ್ನು ಅವಳಿಗೆ ನಂಬಲಾಗುತ್ತಿರಲಿಲ್ಲ.

ವೇದಿಕೆಯ ಹಿಂದಿನ ಕೋಣೆಗೆ ಕಾದಂಬರಿಕಾರರು ಬಂದರು. ಅವಳ ಎದುರು ನಿಂತರು.

"ನನಗೆ ಸಂಗೀತ ಕೇಳಿಸಲ್ಲ ಅಂತ ನಿಮಗೆ ಗೊತ್ತಲ್ಲ. ಆದ್ರೆ ಇವತ್ತು, ಒಬ್ಬರು ಹೊರಟುಹೋದದ್ದು ಕೇಳಿಸ್ತು. ಅದು... ಅದು ನಾನು ಬರೆದದ್ದೇನಾ?"

"ನೀವೇ ಸಾರ್. ಒಂದಕ್ಷರಾನೂ ಬದಲಾಯಿಸಿಲ್ಲ."

"ನಾನು ಅಂಥದ್ದೇನೂ ಬರೆದಿಲ್ಲಮ್ಮ. ನನಗೆ ನಾಯಿ ಮೇಲೆ ಸಿಟ್ಟು ಬಂದಿತ್ತು, ಅಷ್ಟೇ" ಎಂದು ಅವರು ಮೂಗು ಒರೆಸಿಕೊಂಡರು. "ಅಷ್ಟೊಂದು ಜನರನ್ನ ಕಾದಂಬರಿಗಳಲ್ಲಿ ಮುಳುಗಿಸಿ ಕೊಂದೆ. ಅದರಲ್ಲಿ ಒಬ್ಬರೂ ಹೀಗೆ ಹೋಗ್ಲಿಲ್ಲ."

ತಂಗಿ ಉಗ್ರಾಣಕ್ಕೆ ಹೋಗಲಿಲ್ಲ. ನಿವೃತ್ತಿಯವರೆಗೂ ಮೂರನೆಯ ಸಾಲಿನಲ್ಲೇ ಹಾಡಿದಳು. ಉಸಿರು ಹಿಂದಿನಂತಾಗಲಿಲ್ಲ. ಆದರೆ ಸಾಲದೆ ಬಂದಾಗ ಯಾವ ಪಕ್ಕದವರಿಂದಲಾದರೂ ಎರವಲು ಪಡೆಯುವುದನ್ನು ಕಲಿತಳು. ಗಾಜು ಮತ್ತು ಅವಳು ಗೆಳತಿಯರಾದರು ಎನ್ನುವಂತಿಲ್ಲ. ಗಾಜಿನ ಮಾತು ಕೊನೆಯವರೆಗೂ ಕುಯ್ಯುತ್ತಲೇ ಇತ್ತು. ತಂಗಿಗೆ ಮಾತ್ರ ಆಮೇಲೆ ನೋಯಲಿಲ್ಲ.

ಕಾದಂಬರಿಕಾರರು ತೀರಿಕೊಂಡಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು, ಎಲ್ಲ ಆ ದಪ್ಪ ಪುಸ್ತಕಗಳ ಬಗ್ಗೆ. 'ಕೆಲವು ಲಘು ಪದ್ಯಗಳನ್ನೂ ರಚಿಸಿದ್ದರು' ಎಂದು ಕೊನೆಯಲ್ಲಿ ಒಂದು ಸಾಲು.

ಕೆಲವು ವರ್ಷಗಳ ಮೇಲೆ ತಂಗಿ ಬಸ್ಸಿನಲ್ಲಿ ಹೋಗುತ್ತಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ರಚ್ಚೆ ಹಿಡಿದ ಮಗುವನ್ನು ತಟ್ಟುತ್ತ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟರೆ ಚಪ್ಪಲಿ ಪದ್ಯ. ಕವಾಯತಿನದಲ್ಲ, ಕುಣಿತದ್ದಲ್ಲ, ಪೆನ್ಸಿಲ್ಲಿನದೂ ಅಲ್ಲ. ಐದರಲ್ಲಿ ಯಾವುದಕ್ಕೂ ಸೇರದ, ತೊಟ್ಟಿಲ ಓಲಾಟದಂಥ ಒಂದು ಧಾಟಿ. ಮೂರನೆಯ ಸಾಲಿನಲ್ಲಿ ಮಗುವಿನ ಮೂಗು ಮುಟ್ಟಿ "ಏನಮ್ಮ" ಎನ್ನುತ್ತಿದ್ದಳು. ತನ್ನ ನಿಲ್ದಾಣ ಬಂದದ್ದೂ ಹೋದದ್ದೂ ತಂಗಿಗೆ ತಿಳಿಯಲಿಲ್ಲ. ತಡೆಯಲಾರದೆ ಮುಂದಕ್ಕೆ ಬಾಗಿ ಕೇಳಿದಳು:

"ಇದನ್ನ ಯಾರು ಹೇಳ್ಕೊಟ್ರಮ್ಮ ನಿಮಗೆ?"

ಆ ಹೆಂಗಸು ತಿರುಗಿ ನೋಡಿ, ಇದೆಂಥ ಪ್ರಶ್ನೆ ಎಂಬಂತೆ ನಕ್ಕಳು.

"ಇದಾ? ಯಾರೂ ಹೇಳ್ಕೊಟ್ಟಿಲ್ಲಪ್ಪ. ಇದು ಮೊದ್ಲಿಂದ್ಲೂ ಇದೆಯಲ್ಲ!"